ಸೂಜಿ ಹಾಕುವ ಮೊದಲು ಗಂಟು ಮುಟ್ಟಿ ನೋಡಿ

ನಾನು ಪೆಥಾಲಜಿ ವಿಭಾಗದಲ್ಲಿ ಕೆಲಸ ಮಾಡುವವಳು. ಗಂಟುಗಳಿಗೆ ಸೂಜಿ ಹಾಕಿ ಪರೀಕ್ಷೆ ಮಾಡುವುದು, ಅಂದರೆ ಎಫ್‌ಎನ್‌ಎಸಿ, ನಮಗೆ ದಿನದ ಕೆಲಸ. ಹೊಸದಾಗಿ ಬರುವ ಪಿಜಿ ವಿದ್ಯಾರ್ಥಿಗಳಿಗೆ ನಾನು ತಪ್ಪದೆ ಹೇಳಿಕೊಡುವ ಗಂಟು ಒಂದಿದೆ. ಪೈಲೋಮ್ಯಾಟ್ರಿಕೋಮಾ.

ಕೂದಲಿನ ಬುಡದಲ್ಲಿ ಕೂದಲನ್ನು ಹುಟ್ಟಿಸುವ ಕೋಶಗಳಿಂದಲೇ ಇದು ಬೆಳೆಯುತ್ತದೆ. ಕ್ಯಾನ್ಸರ್ ಅಲ್ಲ. ಮಕ್ಕಳಲ್ಲಿ ಜಾಸ್ತಿ. ಮುಖ, ಕುತ್ತಿಗೆ, ತೋಳಿನಲ್ಲಿ ಕಾಣಿಸಿಕೊಳ್ಳುತ್ತದೆ. ಕುತ್ತಿಗೆಯಲ್ಲಿದ್ದರೆ, ಪರೀಕ್ಷೆಗೆ ಕಳಿಸುವ ಡಾಕ್ಟರ ಫಾರ್ಮಿನಲ್ಲಿ 'ಲಿಂಫ್ ನೋಡ್, ಟಿಬಿ?' ಅಂತ ಬರೆದು ಬರುತ್ತದೆ. ನಮ್ಮ ಕಡೆ ಮಗುವಿನ ಕುತ್ತಿಗೆಯಲ್ಲಿ ಗಂಟು ಅಂದರೆ ಮೊದಲು ನೆನಪಾಗುವುದೇ ಟಿಬಿ, ಅಲ್ವಾ?

ಫಾರ್ಮ್ ಪಕ್ಕಕ್ಕಿಟ್ಟು ಬೆರಳಿಟ್ಟು ನೋಡಿ. ಚರ್ಮಕ್ಕೆ ಅಂಟಿಕೊಂಡಂತೆ ಮೇಲುಮೇಲೇ ಸಿಗುತ್ತದೆ, ಕಲ್ಲಿನ ಹಾಗೆ ಗಟ್ಟಿ. ಒಂದು ತುದಿ ಒತ್ತಿದರೆ ಇನ್ನೊಂದು ತುದಿ ಮೇಲೇಳುತ್ತದೆ. ಚರ್ಮ ಬಿಗಿಯಾಗಿ ಎಳೆದರೆ ಮೂಲೆಗಳು ಎದ್ದು ಕಾಣುತ್ತವೆ. ಒಳಗೆ ಕ್ಯಾಲ್ಸಿಯಂ ಕಟ್ಟಿಕೊಂಡಿರುತ್ತದೆ. ಸೂಜಿ ಇಳಿಸಿದಾಗ ಕೈಗೆ ಕರಕರ ಅನ್ನಿಸುತ್ತದೆ.

ಕಷ್ಟ ಇರುವುದು ಸ್ಲೈಡಿನಲ್ಲಿ. ಕಡುನೀಲಿ ಬಣ್ಣದ ಸಣ್ಣ ಕೋಶಗಳು ಒತ್ತೊತ್ತಾಗಿ ಸಿಗುತ್ತವೆ, ಕೆಲವು ವಿಭಜನೆಯಾಗುತ್ತಲೂ ಇರುತ್ತವೆ. ಅಷ್ಟನ್ನೇ ನೋಡಿದರೆ ಕ್ಯಾನ್ಸರ್ ಅನ್ನಿಸಿಬಿಡುತ್ತದೆ. ಹಾಗೆ ರಿಪೋರ್ಟ್ ಆದ ಕೇಸುಗಳು ವೈದ್ಯಕೀಯ ಜರ್ನಲ್‌ಗಳಲ್ಲಿ ಬೇಕಾದಷ್ಟಿವೆ. ಹುಡುಕಬೇಕಾದದ್ದು ಘೋಸ್ಟ್ ಸೆಲ್‌ಗಳನ್ನು. ಕೋಶದ ಆಕಾರ ಹಾಗೇ ಇರುತ್ತದೆ, ನ್ಯೂಕ್ಲಿಯಸ್ ಇದ್ದ ಜಾಗ ಮಾತ್ರ ಖಾಲಿ. ಕೆಲವೊಮ್ಮೆ ಅವು ಸೂಜಿಗೆ ಬರುವುದೇ ಇಲ್ಲ. ಆಗ ಗಂಟು ಮುಟ್ಟಿದಾಗ ಬೆರಳಿಗೆ ತಿಳಿದದ್ದೇ ಗತಿ. ಅದಕ್ಕೇ ಸ್ಲೈಡ್ ಜೊತೆ ಗಂಟು ಹೇಗಿತ್ತು ಅಂತಲೂ ಬರೆದಿಡಿ ಅನ್ನುತ್ತೇನೆ. ಅನುಮಾನ ಉಳಿದರೆ ಗಂಟನ್ನು ಪೂರ್ತಿ ತೆಗೆದು ಬಯಾಪ್ಸಿಗೆ ಕಳಿಸಲು ಹೇಳಿ. ಚಿಕಿತ್ಸೆಯೂ ಅದೇ. ಪೂರ್ತಿ ತೆಗೆದರೆ ಮತ್ತೆ ಬರುವುದು ಅಪರೂಪ.

ತೆಗೆದ ಗಂಟಿನ ತುಂಡನ್ನು ಮೇಣದಲ್ಲಿ ಕೂರಿಸಿದ ಬ್ಲಾಕ್ ಕತ್ತರಿಸುವ ಟೆಕ್ನೀಷಿಯನ್‌ಗೂ ಮೊದಲೇ ತಿಳಿಸಿ. ಇಲ್ಲದಿದ್ದರೆ ಅದನ್ನು ತೆಳುವಾಗಿ ಕತ್ತರಿಸುವ ಮೈಕ್ರೋಟೋಮ್ ಯಂತ್ರದ ಬ್ಲೇಡ್ ಹಾಳಾಗುತ್ತದೆ. ಆಸಿಡ್‌ನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಕ್ಯಾಲ್ಸಿಯಂ ಕರಗಿ ಸೆಕ್ಷನ್, ಅಂದರೆ ತೆಳು ಪದರ, ಚೆನ್ನಾಗಿ ಬರುತ್ತದೆ.

1880ರಲ್ಲಿ ಫ್ರಾನ್ಸಿನ ಮಲೆರ್ಬ್ ಮತ್ತು ಶೆನಾಂತೆ ಇದನ್ನು ವಿವರಿಸಿದಾಗ ಎಣ್ಣೆ ಗ್ರಂಥಿಯ ಗಡ್ಡೆ ಅಂದುಕೊಂಡಿದ್ದರು. ಕೂದಲಿನ ಬುಡವನ್ನು ಸೂಚಿಸುವ ಹೆಸರು ಬಂದಿದ್ದು 1961ರಲ್ಲಿ.

ಒಂದಕ್ಕಿಂತ ಜಾಸ್ತಿ ಗಂಟುಗಳಿದ್ದರೆ ಸುಮ್ನೆ ರಿಪೋರ್ಟ್ ಕೊಟ್ಟು ಕಳಿಸಬೇಡಿ. ಜೊತೆಗೆ ಮಯೋಟೋನಿಕ್ ಡಿಸ್ಟ್ರೋಫಿ ಎಂಬ ಸ್ನಾಯು ಕಾಯಿಲೆ ಇರಬಹುದು. ಮನೆಯಲ್ಲಿ ಯಾರಿಗಾದರೂ ಮುಷ್ಟಿ ಬಿಗಿಹಿಡಿದರೆ ಬಿಡಿಸುವುದು ತಡವಾಗುತ್ತದಾ ಅಂತ ಕೇಳಿ. ಹೌದು ಅಂದರೆ ನರರೋಗ ತಜ್ಞರ ಹತ್ತಿರ ಕಳಿಸಿ.