ಕಣ್ಣು ಕಾಣದ ಮಗಳಿಗೆ ಸೈನ್ಸ್ ಕೊಡಿಸಬಹುದಾ? ಯಾವ ಮಷಿನ್ ಬೇಕು?

ನನಗೆ ಕಣ್ಣು ಕಾಣುವುದಿಲ್ಲ. ಮಡಿಕೇರಿಯಲ್ಲಿ ಕೂತು ಕೊಡಗಿನ ಮಳೆ ಲೆಕ್ಕದ ಮೇಲೆ ಕೆಲಸ ಮಾಡುತ್ತೇನೆ. ಹಾಗಾಗಿ ವಿರಾಜಪೇಟೆ, ಸೋಮವಾರಪೇಟೆ ಕಡೆಯ ಅಪ್ಪ-ಅಮ್ಮಂದಿರು ಫೋನ್ ಮಾಡಿ ಇದನ್ನೇ ಕೇಳುತ್ತಾರೆ: "ಮಗಳಿಗೆ ದೃಷ್ಟಿ ಇಲ್ಲ, ಪಿಯುಸಿಗೆ ಸೈನ್ಸೇ ಬೇಕು ಅಂತಾಳೆ. ಯಾವ ಮಷಿನ್ ಕೊಡಿಸೋಣ?"

ಸಾಧಾರಣ ಲ್ಯಾಪ್‌ಟಾಪ್, ಒಂದು ಇಯರ್‌ಫೋನ್. ಅಷ್ಟೇ. ಎನ್‌ವಿಡಿಎ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡರೆ ಪರದೆಯಲ್ಲಿರುವುದನ್ನು ಅದು ಓದಿ ಹೇಳುತ್ತದೆ. 2006ರಲ್ಲಿ ಅದನ್ನು ಶುರು ಮಾಡಿದ ಆಸ್ಟ್ರೇಲಿಯಾದ ಮೈಕೆಲ್ ಕರನ್ ಅವರಿಗೂ ಕಣ್ಣು ಕಾಣುವುದಿಲ್ಲ. ಪೂರ್ತಿ ಉಚಿತ. ಕನ್ನಡವನ್ನೂ ಓದುತ್ತದೆ. ದನಿ ಸ್ವಲ್ಪ ಒರಟು, ಆಮೇಲೆ ಅಭ್ಯಾಸ ಆಗುತ್ತದೆ.

ಕಷ್ಟ ಇರುವುದು ಮಷಿನ್‌ನಲ್ಲಲ್ಲ, ಅದಕ್ಕೆ ಓದಲು ಏನು ಕೊಡುತ್ತೇವೆ ಅನ್ನುವುದರಲ್ಲಿ. ನಮ್ಮ ಬೆಳೆಗಾರರು ಮಳೆಯನ್ನು ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಭಾಗ) ಬರೆದಿಡುತ್ತಾರೆ. ಬೆಲೆ ಕಟ್ಟಲಾಗದ ದಾಖಲೆ. ಕಳಿಸುವುದು ಮಾತ್ರ ಪುಸ್ತಕದ ಫೋಟೋ! ಅದನ್ನೇ ಎಕ್ಸೆಲ್‌ನಲ್ಲಿ ಟೈಪ್ ಮಾಡಿ ಕೊಟ್ಟರೆ ಕಾಫಿ ಹೂ ಬಿಡಿಸುವ ಹೂಮಳೆ ಯಾವ ವರ್ಷ ತಡವಾಯಿತು ಅಂತ ಕೂತಲ್ಲೇ ಹೇಳುತ್ತೇನೆ. ಕಾಲೇಜಿನ ನೋಟ್ಸಿನದ್ದೂ ಇದೇ ಕಥೆ. ಸುಮ್ನೆ ಸ್ಕ್ಯಾನ್ ಮಾಡಿದ ಪಿಡಿಎಫ್ ಮಾತೇ ಆಡುವುದಿಲ್ಲ. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ ಕನ್ನಡ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕೇಳುತ್ತದೆ. ಮೇಷ್ಟ್ರ ಹತ್ತಿರ ಯುನಿಕೋಡ್ ಫೈಲನ್ನೇ (ಕನ್ನಡ ಕನ್ನಡವಾಗಿಯೇ ಉಳಿಯುವ ಫೈಲು) ಕೇಳಿ. ಸೂತ್ರಗಳು ಚಿತ್ರವಾಗಿದ್ದರೆ ಪ್ರಯೋಜನವಿಲ್ಲ. ಸೂತ್ರಗಳನ್ನು ಅಕ್ಷರಗಳಲ್ಲೇ ಟೈಪ್ ಮಾಡುವ ಲೇಟೆಕ್‌ನಲ್ಲಿದ್ದರೆ ಭಿನ್ನರಾಶಿ, ವರ್ಗಮೂಲ ಎಲ್ಲವೂ ಕೀಬೋರ್ಡಿನ ಅಕ್ಷರಗಳೇ, ಹಾಗಾಗಿ ಓದಬಹುದು.

ಲ್ಯಾಪ್‌ಟಾಪ್ ಬಂತು ಅಂತ ಬ್ರೈಲ್ ಬಿಡಿಸಬೇಡಿ. ಕಿವಿಯಲ್ಲಿ ಕೇಳಿದ ಉದ್ದದ ಸಮೀಕರಣ ತಲೆಯಲ್ಲಿ ನಿಲ್ಲುವುದಿಲ್ಲ. ಬೆರಳಿನಡಿ ಇದ್ದರೆ ಹಿಂದೆ ಮುಂದೆ ಹೋಗಿ ನೋಡಬಹುದು. ಗಣಿತಕ್ಕೆಂದೇ ನೆಮೆತ್ ಬ್ರೈಲ್ ಇದೆ, ಅದನ್ನು ರೂಪಿಸಿದ ಅಬ್ರಹಾಂ ನೆಮೆತ್ ಸ್ವತಃ ಕಣ್ಣು ಕಾಣದ ಗಣಿತದ ಪ್ರೊಫೆಸರ್. ಜೊತೆಗೆ, ನಮ್ಮ ಜುಲೈ ತಿಂಗಳ ಕರೆಂಟನ್ನು ನಂಬಿ ಓದೋಕಾಗಲ್ಲ, ಅಲ್ವಾ? ಗ್ರಾಫಿಗೆ ಟೈಲರ್‌ಗಳು ಬಟ್ಟೆಗೆ ಗುರುತು ಹಾಕುವ ಹಲ್ಲಿನ ಚಕ್ರ ಸಾಕು. ದಪ್ಪ ಹಾಳೆಯ ಹಿಂಬದಿಯಲ್ಲಿ ಉರುಳಿಸಿದರೆ ಮುಂಬದಿಯಲ್ಲಿ ಗೆರೆ ಉಬ್ಬಿ ಬರುತ್ತದೆ. ಎಡ-ಬಲ ಅದಲು ಬದಲು ಮಾಡಿ ಬರೆಯಬೇಕು, ಅಷ್ಟೇ.

ಲ್ಯಾಬ್ ಬಗ್ಗೆ ಜಾಸ್ತಿ ಹೆದರಬೇಡಿ. ಬಣ್ಣ ಬದಲಾದದ್ದನ್ನು ಪಕ್ಕದಲ್ಲಿರುವವರು ಹೇಳಲಿ. ಎಷ್ಟು ಹಾಕಬೇಕು, ಯಾವಾಗ ನಿಲ್ಲಿಸಬೇಕು ಅನ್ನುವುದು ಮಗಳ ತೀರ್ಮಾನವೇ ಆಗಿರಲಿ. ಜೀವವಿಜ್ಞಾನಿ ಗೀರಾಟ್ ವರ್ಮೈ ಅವರು ಮೂರರ ವಯಸ್ಸಿನಲ್ಲೇ ದೃಷ್ಟಿ ಕಳೆದುಕೊಂಡವರು. ಶಂಖ-ಚಿಪ್ಪುಗಳನ್ನು ಬೆರಳಲ್ಲೇ ಮುಟ್ಟಿ ನೋಡಿ, ಏಡಿಗಳ ಹಲ್ಲೆಯಿಂದ ಚಿಪ್ಪುಗಳು ಹೇಗೆ ಗಟ್ಟಿಯಾಗುತ್ತ ಬಂದವು ಅಂತ ತೋರಿಸಿದರು.

ಇನ್ನು ಪರೀಕ್ಷೆ. ಅಂಗವೈಕಲ್ಯ ಪ್ರಮಾಣಪತ್ರ ಈಗಲೇ ಮಾಡಿಸಿಡಿ. ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲಿ, ಹೇಳಿದ್ದನ್ನು ಬರೆದುಕೊಡುವವರ ಸಹಾಯವೂ ಇದೆ, ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯವೂ ಇದೆ. ಮಗಳು ಸೂತ್ರಗಳನ್ನು ಹೇಗೆ ಓದಿ ಹೇಳುತ್ತಾಳೆ ಅನ್ನುವುದು ಬರೆದುಕೊಡುವವರಿಗೆ ಮೊದಲೇ ಗೊತ್ತಿರಬೇಕು. ಅವರಿಬ್ಬರನ್ನೂ ಪರೀಕ್ಷೆಗೆ ಮುಂಚೆಯೇ ಒಂದೆರಡು ಸಲ ಕೂರಿಸಿ ಬರೆಸಿ.