ಬಣ್ಣ ನೋಡಿ ಕಲ್ಲಿನ ಹೆಸರು ಹೇಳುವ ಮುನ್ನ

ನೆಲದಿಂದ ಹೊಮ್ಮುವ ಗಾಮಾ ಕಿರಣಗಳನ್ನು ವಿಮಾನದಿಂದ ಎಣಿಸುವ ವೈಮಾನಿಕ ಗಾಮಾ ಸರ್ವೇಯ ತ್ರಿವರ್ಣ ನಕ್ಷೆ ಕೈಗೆ ಬಂದ ಕೂಡಲೇ ಹೊಸಬರು ಕೆಂಪು ಕಂಡಲ್ಲಿ ಗ್ರಾನೈಟ್, ಕಪ್ಪು ಕಂಡಲ್ಲಿ ಬಸಾಲ್ಟ್ ಎಂದು ಬರೆದುಬಿಡುತ್ತಾರೆ. ಪೊಟ್ಯಾಸಿಯಂಗೆ ಕೆಂಪು, ಥೋರಿಯಂಗೆ ಹಸಿರು, ಯುರೇನಿಯಂಗೆ ನೀಲಿ, ಮೂರೂ ಕಡಿಮೆಯಿದ್ದರೆ ಕಪ್ಪು ಎಂಬುದಷ್ಟೇ ಅಲ್ಲಿರುವ ಸಂಕೇತ. ಆ ಕಿರಣಗಳು ಬರುವುದು ನೆಲದ ಮೇಲಿನ ಒಂದಡಿಯಿಂದ, ಹೆಚ್ಚೆಂದರೆ ಒಂದು ಮೊಳದಿಂದ. ಹಾಗಾಗಿ ಅದು ಮೊದಲು ಮಣ್ಣಿನ ನಕ್ಷೆ, ಆಮೇಲೆ ಕಲ್ಲಿನದು.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 2017ರಲ್ಲಿ ಶುರು ಮಾಡಿದ ರಾಷ್ಟ್ರೀಯ ವೈಮಾನಿಕ ಸರ್ವೇ ಕಾರ್ಯಕ್ರಮದಲ್ಲಿ ವಿಮಾನ ಹಾರುವುದು 300 ಮೀಟರ್ ಅಂತರದ ಗೆರೆಗಳಲ್ಲಿ, ನೆಲದಿಂದ ಸುಮಾರು 80 ಮೀಟರ್ ಎತ್ತರದಲ್ಲಿ. ಇಂಥ ಸರ್ವೇಗಳಲ್ಲಿ ಸಾಮಾನ್ಯವಾಗಿ ತಲಾ 4.2 ಲೀಟರಿನ ಎಂಟು ಸೋಡಿಯಂ ಅಯೋಡೈಡ್ ಹರಳುಗಳು, ಅಂದರೆ 33.6 ಲೀಟರ್, ನೆಲದ ಕಿರಣ ಎಣಿಸುತ್ತವೆ. ವಾತಾವರಣದ ರೇಡಾನ್ (ಯುರೇನಿಯಂ ಒಡೆಯುತ್ತಾ ಹುಟ್ಟುವ ವಿಕಿರಣಶೀಲ ಅನಿಲ) ಅಳೆಯಲು ಮೇಲ್ಮುಖವಾಗಿ ಒಂದೆರಡು ಹರಳು ಬೇರೆ. ಸೆಕೆಂಡಿಗೊಂದು ಎಣಿಕೆಯಾದರೂ ಪ್ರತಿ ಎಣಿಕೆಯಲ್ಲಿ ಕೆಲವು ನೂರು ಮೀಟರ್ ಅಗಲದ ನೆಲ ಕಲಸಿಹೋಗಿರುತ್ತದೆ. ಹತ್ತು ಮೀಟರ್ ಅಗಲದ ಡೈಕನ್ನು (ಬಿರುಕಿನಲ್ಲಿ ಶಿಲಾರಸ ತುಂಬಿ ಗಟ್ಟಿಯಾದ ಕಲ್ಲಿನ ಗೋಡೆಯನ್ನು) ಗಾಮಾ ನಕ್ಷೆಯಲ್ಲಿ ಹುಡುಕಬೇಡಿ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ನೀರು. ಮಣ್ಣಿನ ತೇವ ಶೇ. 10 ಏರಿದರೆ ಎಣಿಕೆ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ತುಂಬಿದ ಕೆರೆ ನಕ್ಷೆಯಲ್ಲಿ ಕಪ್ಪು ಮಚ್ಚೆ. ಅದರ ಅಚ್ಚುಕಟ್ಟಿನ ಗದ್ದೆಗಳೂ ಮಂಕು. ಮಳೆಯ ಕಾಟ ಇನ್ನೊಂದು ಬಗೆಯದು. ಗಾಳಿಯಲ್ಲಿದ್ದ ರೇಡಾನಿನ ಮರಿಧಾತುಗಳು (ಅದು ಒಡೆದು ಹುಟ್ಟುವ ಧಾತುಗಳು) ಹನಿಯೊಂದಿಗೆ ನೆಲಕ್ಕಿಳಿದು ಯುರೇನಿಯಂ ಕಿಟಕಿಯ, ಅಂದರೆ ಯುರೇನಿಯಮ್ಮಿಗೆಂದು ಮೀಸಲಿಟ್ಟ ಶಕ್ತಿವ್ಯಾಪ್ತಿಯ, ಎಣಿಕೆಯನ್ನು ಏರಿಸುತ್ತವೆ. ಆ ಕಿಟಕಿ ನೋಡುವುದು ಆ ಮರಿಧಾತುಗಳಲ್ಲೊಂದಾದ ಬಿಸ್ಮತ್-214ರ 1.76 ಎಂಇವಿ (ಕಿರಣದ ಶಕ್ತಿಯ ಅಳತೆ) ಕಿರಣವನ್ನು, ಯುರೇನಿಯಮ್ಮನ್ನೇ ಅಲ್ಲ. ಮಳೆ ನಿಂತು ಮೂರು ಗಂಟೆಯಾದರೂ ಕಳೆಯದೆ ಹಾರಬಾರದು. ಜೋರು ಮಳೆಯಾಗಿದ್ದರೆ ಮಣ್ಣು ಆರುವವರೆಗೆ ಕಾಯಬೇಕು. ದಿನ ಹಾಳಾಯಿತೆಂಬ ಒತ್ತಡ ಆಗ ನಿಜಕ್ಕೂ ಇರುತ್ತದೆ, ಆದರೆ ಹಾಗೆ ಹಾರಿದ ಗೆರೆಗಳು ನಕ್ಷೆಯಲ್ಲಿ ಪಟ್ಟೆಪಟ್ಟೆಯಾಗಿ ಉಳಿದುಬಿಡುತ್ತವೆ.

ತೇವವೋ ಕಲ್ಲಿನ ಗುಣವೋ ಎಂದು ಬೇರ್ಪಡಿಸಲು ಥೋರಿಯಂ-ಪೊಟ್ಯಾಸಿಯಂ ಅನುಪಾತ ನೋಡಿ. ತೇವ ಮೂರನ್ನೂ ಒಟ್ಟಿಗೆ ಇಳಿಸುತ್ತದೆ, ಅನುಪಾತ ಅಷ್ಟಾಗಿ ಅಲುಗುವುದಿಲ್ಲ. ಜಂಬಿಟ್ಟಿಗೆ ನೆಲದಲ್ಲಿ ಪೊಟ್ಯಾಸಿಯಂ ತೊಳೆದುಹೋಗಿ ಥೋರಿಯಂ ಉಳಿದಿರುವುದರಿಂದ ಅನುಪಾತ ಜಿಗಿಯುತ್ತದೆ. ಅಡಿಯಲ್ಲಿ ನೈಸ್ ಎಂಬ ಪಟ್ಟೆಕಲ್ಲು ಇದ್ದರೂ ನಕ್ಷೆ ಹಸಿರಾಗುವುದು ಇದೇ ಕಾರಣಕ್ಕೆ. ರಾಮನಗರದಿಂದ ಬಳ್ಳಾರಿ ಕಡೆಗೆ ಸಾಗುವ ಕ್ಲೋಸ್‌ಪೇಟೆ ಗ್ರಾನೈಟ್ ಬರಿಬಂಡೆಯಾಗಿರುವ ಕಡೆ ಪೊಟ್ಯಾಸಿಯಂ, ಥೋರಿಯಂ ಎರಡೂ ಹೊಳೆಯುತ್ತವೆ. ಅದೇ ಗ್ರಾನೈಟ್ ಮೇಲೆ ಹೊರಗಿನಿಂದ ಬಂದ ಎರೆಮಣ್ಣು ಕೂತಿದ್ದರೆ ನಕ್ಷೆಗೆ ಕಾಣುವುದು ಎರೆಮಣ್ಣೇ.

ಆಗ ಕೈಹಿಡಿಯುವುದು ಕಲ್ಲುಗಳ ಕಾಂತತೆಯಿಂದ ಭೂಕಾಂತ ಕ್ಷೇತ್ರದಲ್ಲಾಗುವ ವ್ಯತ್ಯಾಸ ತೋರಿಸುವ ಕಾಂತೀಯ ನಕ್ಷೆ. ಮಣ್ಣು, ಹಸಿರು, ನೀರು ಅದಕ್ಕೆ ಅಡ್ಡ ಬರುವುದಿಲ್ಲ. ಸಂಡೂರಿನ ಕಬ್ಬಿಣದ ಪದರಗಳಾಗಲಿ, ಬೆಂಗಳೂರು ಸುತ್ತಲಿನ ಪೂರ್ವ-ಪಶ್ಚಿಮ ಡಾಲರೈಟ್ (ಕಪ್ಪು ಅಗ್ನಿಶಿಲೆ) ಡೈಕುಗಳಾಗಲಿ ಎರೆಹೊಲದ ಅಡಿಯಿಂದಲೂ ಗುರುತು ಕೊಡುತ್ತವೆ.

ನಮ್ಮ ಅಕ್ಷಾಂಶದಲ್ಲಿ ಎಡವುವುದೂ ಇಲ್ಲೇ. ಬೆಂಗಳೂರಿನ ಸುತ್ತ ಭೂಕಾಂತ ಕ್ಷೇತ್ರ ನೆಲಕ್ಕೆ ಬಾಗಿರುವುದು 15 ಡಿಗ್ರಿಗಿಂತ ಕಡಿಮೆ. ಅದು ಉತ್ತರಕ್ಕೆ ಮುಖಮಾಡಿ ಬಹುಪಾಲು ನೆಲಕ್ಕೆ ಸಮಾನಾಂತರವಾಗಿ ಮಲಗಿದೆ. ಹಾಗಾಗಿ ಕ್ಷೇತ್ರದ ದಿಕ್ಕಿನಲ್ಲೇ ಕಾಂತಗೊಂಡ ವಸ್ತುವಿನ ನೆತ್ತಿಯ ಮೇಲೆ ಏರಿಕೆಯಲ್ಲ, ಇಳಿಕೆ ಕಾಣುತ್ತದೆ. ನೇರ ಉತ್ತರ-ದಕ್ಷಿಣ ಚಾಚಿದ ಉದ್ದನೆಯ ಪದರವಂತೂ ತುದಿಗಳಲ್ಲಿ, ತುಂಡಾದ ಕಡೆಗಳಲ್ಲಿ ಮಾತ್ರ ಮಣಿ ಪೋಣಿಸಿದಂತೆ ಕಂಡು ನಡುವೆ ಮಾಯವಾಗುತ್ತದೆ. ಧಾರವಾಡ ಶಿಸ್ಟ್ (ಪದರುಗಲ್ಲು) ಪಟ್ಟಿಗಳ ಚಾಚು ಹೆಚ್ಚಾಗಿ ಉತ್ತರವಾಯವ್ಯ-ದಕ್ಷಿಣಆಗ್ನೇಯ, ಅಂದರೆ ಉತ್ತರ-ದಕ್ಷಿಣಕ್ಕೆ ಹತ್ತಿರ. ಪದರ ಕಡಿದುಹೋಗಿದೆ ಎಂದು ಅಲ್ಲಿ ಸ್ತರಭಂಗ (ಕಲ್ಲು ಮುರಿದು ಸರಿದ ಗೆರೆ) ಗೀಚುವ ಮೊದಲು ಇದು ನೆನಪಿರಲಿ. ಕ್ಷೇತ್ರ ನೆಟ್ಟಗೆ ಕೆಳಗಿಳಿಯುವ ಧ್ರುವದಲ್ಲಿ ಅಳೆದಿದ್ದರೆ ಹೇಗಿರುತ್ತಿತ್ತೋ ಹಾಗೆ ನಕ್ಷೆಯನ್ನು ಬದಲಿಸುವ ‘ಧ್ರುವಕ್ಕೆ ಇಳಿಸುವ’ ಲೆಕ್ಕ ಇಷ್ಟು ಕಡಿಮೆ ಬಾಗಿನಲ್ಲಿ ಉತ್ತರ-ದಕ್ಷಿಣದ ಸುಳ್ಳು ಗೆರೆಗಳನ್ನು ಹುಟ್ಟಿಸುತ್ತದೆ. ಕ್ಷೇತ್ರದ ದಿಕ್ಕಿನ ಪ್ರಭಾವ ಕಡಿಮೆಯಿರುವ ಅನಲಿಟಿಕ್ ಸಿಗ್ನಲ್ ನಕ್ಷೆಯನ್ನು ಪಕ್ಕದಲ್ಲಿಟ್ಟು ಓದುವುದು ಮೇಲು.

ಹಗಲಿನ ಏರಿಳಿತವೂ ಇಲ್ಲಿ ಸಣ್ಣದಲ್ಲ. ಮಧ್ಯಾಹ್ನದ ಹೊತ್ತಿಗೆ ಕ್ಷೇತ್ರ ಹತ್ತಾರು ನ್ಯಾನೋಟೆಸ್ಲಾ (ಕಾಂತಕ್ಷೇತ್ರದ ಅಳತೆ) ಏರುತ್ತದೆ. ತೆಳು ಡೈಕಿನ ಗುರುತೇ ಅಷ್ಟಿರಬಹುದು. ಈ ಏರಿಳಿತ ಕಳೆಯಲೆಂದು ನೆಲದಲ್ಲಿ ಒಂದೇ ಕಡೆ ಇಟ್ಟ ಬೇಸ್ ಮ್ಯಾಗ್ನೆಟೋಮೀಟರ್ (ಕಾಂತಮಾಪಕ) ಬಳಿ ಜೀಪು ನಿಲ್ಲಿಸಿದರೆ ಆ ಹೊತ್ತಿನ ಗೆರೆಗಳೆಲ್ಲ ಕೆಟ್ಟಂತೆ. ವಿದ್ಯುತ್ ಲೈನ್, ರೈಲು ಹಳಿ, ತಗಡಿನ ಶೆಡ್ಡುಗಳು ಹುಟ್ಟಿಸುವ ಸುಳ್ಳು ಗುರುತುಗಳನ್ನು ಉಪಗ್ರಹ ಚಿತ್ರದೊಂದಿಗೆ ಹೋಲಿಸಿ ಮೊದಲೇ ಗುರುತು ಹಾಕಿಕೊಳ್ಳಿ.

ಕೊನೆಗೆ ನೆಲಕ್ಕಿಳಿದು ತಾಳೆ ನೋಡುವಾಗ ಕೈಯಲ್ಲಿ ಹಿಡಿಯುವ ಗಾಮಾ ಸ್ಪೆಕ್ಟ್ರೋಮೀಟರನ್ನು (ಕಿರಣ ಎಣಿಸುವ ಉಪಕರಣ) ಚಪ್ಪಟೆ ಬಂಡೆಯ ಮೇಲೆ ಎರಡು-ಮೂರು ನಿಮಿಷ ಇಡಿ, ಪಕ್ಕದ ಮಣ್ಣಿನ ಮೇಲೂ ಅಷ್ಟೇ ಹೊತ್ತು. ಕ್ವಾರಿ ಗುಂಡಿಯೊಳಗೆ ಬೇಡ: ಸುತ್ತಲಿನ ಗೋಡೆಗಳಿಂದಲೂ ಕಿರಣ ಬಂದು ಅಂಕಿ ಉಬ್ಬುತ್ತದೆ. ವಿಮಾನದ ಅಂಕಿಗೆ ಹತ್ತಿರ ಬರುವುದು ಹೆಚ್ಚಿನ ಕಡೆ ಮಣ್ಣಿನ ಅಳತೆ. ಬಂಡೆಯದಕ್ಕೂ ಮಣ್ಣಿನದಕ್ಕೂ ಎಷ್ಟು ಅಂತರವಿದೆ ಎಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಆ ಜಾಗದ ನಕ್ಷೆ ಓದಲು ಬೇಕಾದ ಅಂಕಿ ಅದೇ.