ಪಿಟೀಲಿನ ಕೈ ಹಗುರಾಗುತ್ತಿದೆ: ಜಮಖಾನದ ಮೇಲಿನ ಪಾಠಗಳ ದಿನಚರಿ

ಈ ವರ್ಷ ಕೈಗೆತ್ತಿಕೊಂಡಿರುವ ಕೆಲಸ ಒಂದೇ. ಪಿಟೀಲು ನುಡಿಸುವಾಗ ನನ್ನ ಬಲ ಹೆಗಲು ಬಿಗಿಯಬಾರದು. ಅರ್ಧ ಗಂಟೆ ವರ್ಣ ನುಡಿಸಿದರೆ ಸಾಕು, ಹೆಗಲಿನಿಂದ ಕತ್ತಿನವರೆಗೂ ಹಿಡಿದುಕೊಳ್ಳುತ್ತಿತ್ತು. ಡಾಕ್ಟರಿಗೆ ತೋರಿಸಿದೆ. ಮೂಳೆ, ಕೀಲು, ನರ ಎಲ್ಲಾ ಚೆನ್ನಾಗಿವೆ ಎಂದರು. ಅಂದಮೇಲೆ ಉಳಿದದ್ದು ನಾನು ಕೈ ಬಳಸುವ ರೀತಿ.

ಆ ರೀತಿಯನ್ನೇ ಬದಲಿಸಲು ಕಲಿಸುವ ವಿದ್ಯೆಗಳಿವೆ. ಎಲ್ಲವನ್ನೂ ಸೇರಿಸಿ ಸೊಮ್ಯಾಟಿಕ್ ಶಿಕ್ಷಣ ಎನ್ನುತ್ತಾರೆ. ಟಾಸ್ಮೇನಿಯಾದಲ್ಲಿ 1869ರಲ್ಲಿ ಹುಟ್ಟಿದ ಎಫ್. ಎಂ. ಅಲೆಕ್ಸಾಂಡರ್ ಅವರ ಪದ್ಧತಿ ಅವುಗಳಲ್ಲಿ ಹಳೆಯದು. ಅವರು ವೇದಿಕೆ ಮೇಲೆ ವಾಚನ ಮಾಡುತ್ತಿದ್ದವರು. ನಡುವೆ ದನಿ ಕಟ್ಟಿಹೋಗುತ್ತಿತ್ತು. ಕನ್ನಡಿ ಮುಂದೆ ನಿಂತು ತಮ್ಮನ್ನೇ ಗಮನಿಸಿದರು. ಬಾಯಿ ತೆರೆದು ವಾಚನ ಶುರು ಮಾಡುವಾಗಲೆಲ್ಲ ತಲೆ ಹಿಂದಕ್ಕೆ ಎಳೆದುಕೊಳ್ಳುತ್ತಿತ್ತು. ಆ ಎಳೆತ ಬಿಡುವುದನ್ನು ಕಲಿತ ಮೇಲೆ ದನಿ ಮರಳಿತು. ನಾನು ಆರಿಸಿಕೊಂಡದ್ದು ಇನ್ನೊಂದು, ಮೋಶೆ ಫೆಲ್ಡನ್‌ಕ್ರೈಸ್ ಅವರ ಪದ್ಧತಿ. ಅಲೆಕ್ಸಾಂಡರ್ ಪಾಠಕ್ಕೆ ಕಲಿಸುವವರ ಕೈ ಮೈಮೇಲೆ ಇರಬೇಕು. ಫೆಲ್ಡನ್‌ಕ್ರೈಸ್ ಪಾಠಗಳನ್ನು ನೆಲದ ಮೇಲೆ ಮಲಗಿ, ಆಡಿಯೋ ಕೇಳುತ್ತಾ, ಮನೆಯಲ್ಲಿ ಒಬ್ಬರೇ ಮಾಡಬಹುದು. ಮೈಸೂರಿನಲ್ಲಿ ಕೂತಿರುವ ನನಗೆ ಇದು ದೊಡ್ಡ ಅನುಕೂಲ.

ಜೂನ್

ಮೊದಲ ಪಾಠದಲ್ಲಿ ಅಲ್ಲಾಡುವುದೇ ಇಲ್ಲ. ಜಮಖಾನ ಹಾಸಿ ಅಂಗಾತ ಮಲಗುವುದು. ಮೈ ಎಲ್ಲೆಲ್ಲಿ ನೆಲಕ್ಕೆ ತಾಗಿದೆ, ಎಲ್ಲೆಲ್ಲಿ ಎದ್ದಿದೆ ಎಂದು ಹಿಮ್ಮಡಿಯಿಂದ ತಲೆಯವರೆಗೆ ಒಂದೊಂದಾಗಿ ನೋಡಿಕೊಂಡು ಬರುವುದು. ಎಡ ಹೆಗಲು ಪೂರ್ತಿ ಕೆಳಗಿದೆ. ಬಲ ಹೆಗಲಿನ ಕೆಳಗೆ ನನ್ನ ಅಂಗೈ ಸಲೀಸಾಗಿ ತೂರುತ್ತದೆ. ಕೈಯಲ್ಲಿ ಪಿಟೀಲಿಲ್ಲ, ಕಮಾನಿಲ್ಲ, ಮಾಡುವ ಕೆಲಸವೂ ಇಲ್ಲ. ಆದರೂ ಆ ಹೆಗಲು ದುಡಿಯುತ್ತಲೇ ಇದೆ.

ಫೆಲ್ಡನ್‌ಕ್ರೈಸ್ ಅವರ ಜೊತೆ ಕೆಲಸ ಮಾಡಿದ್ದ ಥಾಮಸ್ ಹ್ಯಾನಾ ಇದನ್ನು ಮಿದುಳಿನ ಮರೆವು ಎಂದು ವಿವರಿಸಿದರು. ವರ್ಷಗಟ್ಟಲೆ ಒಂದೇ ಸ್ನಾಯುವನ್ನು ಬಿಗಿಹಿಡಿದರೆ, ಬಿಗಿಹಿಡಿದಿದ್ದೇವೆ ಅನ್ನುವುದೇ ಗೊತ್ತಾಗದೆ ಹೋಗುತ್ತದೆ. ಗೊತ್ತಾಗದ್ದನ್ನು ಬಿಡುವುದು ಹೇಗೆ? ‘ಹೆಗಲು ಸಡಿಲ ಬಿಡಮ್ಮ’ ಎಂದು ಪಿಟೀಲು ಮೇಷ್ಟ್ರು ಎಷ್ಟು ಸಲ ಹೇಳಿದರೂ ನನ್ನಿಂದ ಆಗದೇ ಇದ್ದದ್ದು ಇದಕ್ಕೇ ಇರಬೇಕು. ಎಲ್ಲಿ ಬಿಡಬೇಕು ಎನ್ನುವುದೇ ಕೈಗೆ ಸಿಗುತ್ತಿರಲಿಲ್ಲ.

ಜುಲೈ

ಸೊಂಟದ ಗಡಿಯಾರದ ಪಾಠ. ಅಂಗಾತ ಮಲಗಿ, ಮಂಡಿ ಮಡಿಸಿ, ಪಾದ ನೆಲಕ್ಕೆ ಊರಬೇಕು. ಸೊಂಟದ ಹಿಂಭಾಗದಲ್ಲಿ ಒಂದು ಗಡಿಯಾರ ಬರೆದಿದೆ ಎಂದುಕೊಳ್ಳಬೇಕು. ನಡುವಿನ ಕಡೆ 12, ಬಾಲಮೂಳೆಯ ಕಡೆ 6, ಎಡಬಲಕ್ಕೆ 3 ಮತ್ತು 9. ನೆಲದ ಮೇಲಿನ ಭಾರವನ್ನು ಮೆಲ್ಲಗೆ 12ರಿಂದ 6ಕ್ಕೆ, 6ರಿಂದ 12ಕ್ಕೆ ಉರುಳಿಸಬೇಕು. ಆಮೇಲೆ ಅಡ್ಡಡ್ಡ. ಕೊನೆಗೆ 1, 2, 3 ಎಂದು ಸುತ್ತ. ಕೇಳಲು ತುಂಬಾ ಸುಲಭ. ಮಾಡಿ ನೋಡಿದರೆ 4 ಮತ್ತು 5ರ ನಡುವೆ ಸೊಂಟ ಉರುಳುವುದಿಲ್ಲ, ಜಿಗಿಯುತ್ತದೆ. ಆ ಜಾಗದ ಮೇಲೆ ನನಗೆ ಹಿಡಿತವೇ ಇಲ್ಲ ಎಂದು ಅರ್ಥ. ಅಲ್ಲಿ ಜೋರು ಮಾಡಬಾರದು. ಇನ್ನೂ ಚಿಕ್ಕದಾಗಿ, ಇನ್ನೂ ನಿಧಾನವಾಗಿ, ಆ ಎರಡು ಅಂಕಿಗಳ ನಡುವೆಯೇ ಹೋಗಿ ಬರಬೇಕು.

ಯಾಕೆ ಚಿಕ್ಕದು ಅನ್ನುವುದಕ್ಕೆ ಗಟ್ಟಿ ಕಾರಣವಿದೆ. ಹೆಗಲ ಮೇಲೆ ಅಕ್ಕಿಮೂಟೆ ಹೊತ್ತವನ ಮೂಟೆ ಮೇಲೆ ಒಂದು ನಿಂಬೆಹಣ್ಣು ಇಟ್ಟರೆ ಅವನಿಗೆ ತಿಳಿಯುವುದಿಲ್ಲ. ಬರಿಗೈಯಲ್ಲಿ ಇಟ್ಟರೆ ತಕ್ಷಣ ತಿಳಿಯುತ್ತದೆ. ಹೊರೆ ಹೆಚ್ಚಿದಷ್ಟೂ ಸಣ್ಣ ವ್ಯತ್ಯಾಸ ಕಾಣದೆ ಹೋಗುತ್ತದೆ ಎಂದು ಜರ್ಮನಿಯ ಅರ್ನ್‌ಸ್ಟ್ ವೇಬರ್ 19ನೇ ಶತಮಾನದಲ್ಲೇ ತೋರಿಸಿದ್ದರು. ಫೆಲ್ಡನ್‌ಕ್ರೈಸ್ ಇದನ್ನೇ ಚಲನೆಗೆ ಹಚ್ಚಿದರು. ಬಲ ಕಡಿಮೆ ಮಾಡಿದರೆ ವ್ಯತ್ಯಾಸ ತಿಳಿಯುತ್ತದೆ. ವ್ಯತ್ಯಾಸ ತಿಳಿದರೆ ಮಿದುಳು ಎರಡು ರೀತಿಗಳಲ್ಲಿ ಹಗುರವಾದದ್ದನ್ನು ಆರಿಸಿಕೊಳ್ಳುತ್ತದೆ. ಈ ಪದ್ಧತಿಯ ತಿರುಳು ಇಷ್ಟೇ ಎಂದು ನನಗನ್ನಿಸುತ್ತದೆ.

ಇಷ್ಟು ಲೆಕ್ಕಾಚಾರವಾಗಿ ಯೋಚಿಸಿದವರು ಯಾರು ಎಂದು ಹುಡುಕಿ ಓದಿದೆ. ಫೆಲ್ಡನ್‌ಕ್ರೈಸ್ 1904ರಲ್ಲಿ ಈಗಿನ ಉಕ್ರೇನಿನ ಸ್ಲಾವುಟಾದಲ್ಲಿ ಹುಟ್ಟಿದವರು. ಹದಿಹರೆಯದಲ್ಲೇ ಪ್ಯಾಲೆಸ್ಟೈನಿಗೆ ಹೋದರು. ಆಮೇಲೆ ಪ್ಯಾರಿಸ್ಸಿನಲ್ಲಿ ಎಂಜಿನಿಯರಿಂಗ್ ಓದಿ, ಫ್ರೆಡೆರಿಕ್ ಜೋಲಿಯೋ ಕ್ಯೂರಿ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡಿದರು. ಜೂಡೋ ಹುಟ್ಟುಹಾಕಿದ ಜಿಗೊರೊ ಕಾನೊ ಅವರನ್ನು ಅಲ್ಲೇ ಭೇಟಿಯಾಗಿ ಜೂಡೋಗೆ ಇಳಿದರು. ಯುದ್ಧ ಬಂದಾಗ ಬ್ರಿಟನ್ನಿಗೆ ತಪ್ಪಿಸಿಕೊಂಡು ಹೋಗಿ, ಜಲಾಂತರ್ಗಾಮಿಗಳನ್ನು ಪತ್ತೆ ಹಚ್ಚುವ ಸಂಶೋಧನೆಯಲ್ಲಿದ್ದರು. ಫುಟ್ಬಾಲ್ ಆಡುವಾಗ ಕೆಟ್ಟಿದ್ದ ಮಂಡಿ ಆ ದಿನಗಳಲ್ಲಿ ಮತ್ತೆ ಕೈಕೊಟ್ಟಿತು. ಆಪರೇಷನ್ ಬೇಡವೆಂದು, ತಾನು ಹೇಗೆ ನಡೆಯುತ್ತೇನೆ ಎಂಬುದನ್ನೇ ಅಳೆದು ನೋಡತೊಡಗಿದರು. ಈ ಪದ್ಧತಿ ಬೆಳೆದದ್ದು ಅಲ್ಲಿಂದ. ಮುಂದೆ ಟೆಲ್ ಅವೀವ್‌ನ ಅಲೆಕ್ಸಾಂಡರ್ ಯಾನೈ ಬೀದಿಯಲ್ಲಿ ವರ್ಷಗಟ್ಟಲೆ ಕಲಿಸಿದರು. ಅಲ್ಲಿ ರೆಕಾರ್ಡ್ ಆದ ಪಾಠಗಳೇ 500ಕ್ಕೂ ಜಾಸ್ತಿ. 1984ರಲ್ಲಿ ತೀರಿಕೊಂಡರು.

ಇಸ್ರೇಲಿನ ಪ್ರಧಾನಿ ಬೆನ್ ಗುರಿಯನ್ ಅವರಿಗೆ ಬೆನ್ನುನೋವಿತ್ತು. ಅವರು ಫೆಲ್ಡನ್‌ಕ್ರೈಸ್ ಬಳಿ ಕಲಿತು, 1957ರಲ್ಲಿ, 70ರ ವಯಸ್ಸಿನಲ್ಲಿ, ಸಮುದ್ರದ ದಂಡೆಯಲ್ಲಿ ತಲೆ ಕೆಳಗಾಗಿ ನಿಂತ ಫೋಟೋ ಪ್ರಸಿದ್ಧ. ಅದನ್ನು ಅಮ್ಮನಿಗೆ ತೋರಿಸಿದೆ. ‘ನೀನು ಮಾತ್ರ ಹಾಗೆ ನಿಲ್ಲಬೇಡ ಕಣೆ’ ಎಂದರು.

ಆಗಸ್ಟ್

ಈ ತಿಂಗಳು ಕೈಯ ವಿಷಯ. ಇಷ್ಟು ದಿನ ಕಾದಿದ್ದೇ ಇದಕ್ಕೆ.

ಕೈ ಎಲ್ಲಿಂದ ಶುರುವಾಗುತ್ತದೆ ಎಂದು ಯಾರನ್ನಾದರೂ ಕೇಳಿ. ಭುಜ ಮುಟ್ಟಿ ತೋರಿಸುತ್ತಾರೆ. ಮೂಳೆ ಹಿಡಿದು ಹೋದರೆ ಅದು ಅಲ್ಲಿಲ್ಲ. ಗಂಟಲಿನ ಕೆಳಗಿನ ಗುಳಿಯ ಅಕ್ಕಪಕ್ಕ ಬೆರಳಿಟ್ಟುಕೊಳ್ಳಿ. ಎರಡು ಕಡೆ ಗುಬುಟು ಸಿಗುತ್ತದೆ. ಕಾಲರ್ ಬೋನ್ ಎದೆಮೂಳೆಗೆ ಸೇರುವ ಜಾಗ ಅದು. ಇಡೀ ಕೈ ಮುಂಡಕ್ಕೆ ಮೂಳೆಯ ಕೀಲಿನಿಂದ ಸೇರುವುದು ಅಲ್ಲಿ ಮಾತ್ರ. ಹೆಗಲ ಹಲಗೆ, ಅಂದರೆ ಬೆನ್ನಿನ ಮೇಲ್ಭಾಗದ ಆ ತ್ರಿಕೋನದ ಮೂಳೆ, ಪಕ್ಕೆಲುಬುಗಳ ಮೇಲೆ ಸುಮ್ನೆ ಜಾರುತ್ತಿರುತ್ತದೆ. ಅದನ್ನು ಹಿಡಿದಿರುವುದು ಸ್ನಾಯುಗಳು.

ಬೆರಳು ಅಲ್ಲೇ ಇಟ್ಟುಕೊಂಡು ಇನ್ನೊಂದು ಕೈ ಮೇಲೆತ್ತಿದರೆ ಗುಬುಟು ತಿರುಗುವುದು ತಿಳಿಯುತ್ತದೆ. ನನ್ನ ಎಡಗಡೆ ಚೆನ್ನಾಗಿ ತಿರುಗುತ್ತಿತ್ತು. ಬಲಗಡೆ ಹೆಚ್ಚುಕಡಿಮೆ ನಿಂತೇ ಇತ್ತು. ಅಂದರೆ ಕಮಾನು ಎಳೆಯುವ ಕೆಲಸವನ್ನೆಲ್ಲ ಭುಜದ ಕೀಲಿಗೂ ಮೊಣಕೈಗೂ ಹೊರಿಸಿ, ಹಿಂದಿನ ದೊಡ್ಡ ಹಲಗೆಯನ್ನು ನಿಲ್ಲಿಸಿಬಿಟ್ಟಿದ್ದೆ.

ಪಾಠ ಹೀಗಿತ್ತು. ಎಡಮಗ್ಗುಲಲ್ಲಿ ಮಲಗಿ ಮಂಡಿ ಮಡಿಸಿ, ತಲೆಗೆ ದಿಂಬು. ಬಲ ಹೆಗಲನ್ನು ಕಿವಿಯ ಕಡೆಗೆ, ಸೊಂಟದ ಕಡೆಗೆ ಸರಿಸುವುದು. ಆಮೇಲೆ ಮುಂದಕ್ಕೆ, ಹಿಂದಕ್ಕೆ. ಒಂದೆರಡು ಅಂಗುಲ ಸಾಕು. ಹೆಗಲು ಮುಂದೆ ಹೋದಾಗ ಪಕ್ಕೆಲುಬು ಏನು ಮಾಡುತ್ತದೆ? ಸೊಂಟ ಜೊತೆಗೆ ಹೋಗುತ್ತದೆಯಾ, ಹೋಗದ ಹಾಗೆ ತಡೆದರೆ ಏನಾಗುತ್ತದೆ? ನಡುವೆ ನಡುವೆ ಅಂಗಾತ ಮಲಗಿ ವಿಶ್ರಾಂತಿ. ಈ ವಿಶ್ರಾಂತಿಯನ್ನು ಯಾರೂ ಬಿಡಬಾರದು. ವ್ಯತ್ಯಾಸ ಕಾಣುವುದು ಆಗಲೇ. ಪಾಠ ಮುಗಿದ ಮೇಲೆ ಬಲ ಹೆಗಲಿನ ಕೆಳಗೆ ಅಂಗೈ ತೂರಲಿಲ್ಲ, ಬೆರಳ ತುದಿ ಮಾತ್ರ ಹೋಯಿತು.

ಕೂಡಲೇ ಪಿಟೀಲು ತೆಗೆದುಕೊಂಡೆ. ಚಕ್ಕಳಮಕ್ಕಳ ಹಾಕಿ ಕೂತು, ಪಿಟೀಲಿನ ತುದಿಯನ್ನು ಬಲಗಾಲಿನ ಮೇಲಿಟ್ಟು, ಮಾಯಾಮಾಳವಗೌಳ ರಾಗದ ಸರಳೆ, ಅಂದರೆ ಮೊದಮೊದಲ ಸ್ವರಪಾಠ ಮಾತ್ರ. ಮಂದ್ರದ ತಂತಿಗೆ ಹೋಗುವಾಗ ಮೊಣಕೈ ಮೇಲೇಳಬೇಕು. ನನಗೆ ಯಾವಾಗಲೂ ಹಿಡಿದುಕೊಳ್ಳುತ್ತಿದ್ದದ್ದು ಅಲ್ಲೇ. ಈ ಸಲ ಮೊಣಕೈ ಏಳುವಾಗ ಬೆನ್ನ ಮೇಲಿನ ಹಲಗೆ ತಾನಾಗಿ ಪಕ್ಕಕ್ಕೆ ಜಾರಿತು. ದನಿಯಲ್ಲೂ ಬದಲಾವಣೆ. ಕಮಾನು ತಿರುಗಿಸುವ ಜಾಗದಲ್ಲಿ ಬರುತ್ತಿದ್ದ ಸಣ್ಣ ಕೀರಲು ಇರಲಿಲ್ಲ. ಅದನ್ನು ಕೇಳಿ ಎಷ್ಟು ಸಂತೋಷವಾಯಿತೆಂದರೆ, ಹಾಗೇ ಮಂದ್ರ ಷಡ್ಜವನ್ನೇ ಬಹಳ ಹೊತ್ತು ಎಳೆಯುತ್ತಾ ಕೂತಿದ್ದೆ.

ಆ ವಾರ ಪಾಠಕ್ಕೆ ಹೋದಾಗ ಮೇಷ್ಟ್ರು ಕೇಳಿದರು, ‘ಏನಮ್ಮ, ಕಮಾನು ಬದಲಾಯಿಸಿದ್ಯಾ?’

‘ಇಲ್ಲ ಸಾರ್, ಅದೇ ಕಮಾನು.’

ಅವರು ನನ್ನ ಬೆನ್ನ ಹಿಂದೆ ಬಂದು ನಿಂತು ಇನ್ನೊಂದು ಸಲ ನುಡಿಸಲು ಹೇಳಿ, ಹಲಗೆ ಜಾರುವುದನ್ನು ನೋಡಿದರು. ಈಗ ಹೊಸದಾಗಿ ಬರುವ ಮಕ್ಕಳಿಗೂ ಗಂಟಲ ಗುಳಿಯ ಪಕ್ಕ ಬೆರಳಿಡಿಸಿ ತೋರಿಸುತ್ತಿದ್ದಾರೆ.

ಸೆಪ್ಟೆಂಬರ್

ಹಬ್ಬ, ನೆಂಟರು. ಪಾಠಗಳು ಕಡಿಮೆ. ಆದರೆ ಒಂದು ಹೊಸ ಕೆಲಸ ಶುರುವಾಯಿತು. ಅಮ್ಮ ತನಗೂ ಹೇಳಿಕೊಡು ಎಂದರು. ಅವರಿಗೆ ಇಂಗ್ಲಿಷ್ ಆಡಿಯೋ ಅರ್ಥವಾಗುವುದಿಲ್ಲ. ನೆಲದ ಮೇಲೆ ಮಲಗಿ ಏಳುವುದೂ ಕಷ್ಟ. ಹಾಗಾಗಿ ಕುರ್ಚಿಯಲ್ಲಿ ಕೂತು ಮಾಡುವ ಒಂದು ಪಾಠವನ್ನು ಕನ್ನಡದಲ್ಲಿ ಬರೆದು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದೆ.

ಕತ್ತು ತಿರುಗಿಸುವ ಪಾಠ ಅದು. ಕುರ್ಚಿಯ ಮುಂಭಾಗದಲ್ಲಿ ಕೂತು, ಆರಾಮಾಗಿ ಎಷ್ಟು ಆಗುತ್ತದೋ ಅಷ್ಟು ಬಲಕ್ಕೆ ತಿರುಗಿ, ಮೂಗಿನ ನೇರಕ್ಕೆ ಏನು ಕಾಣುತ್ತದೆ ಎಂದು ಗುರುತಿಟ್ಟುಕೊಳ್ಳುವುದು. ಅಮ್ಮನಿಗೆ ಗೋಡೆಯ ಕ್ಯಾಲೆಂಡರಿನ ಅಂಚು ಕಂಡಿತು. ಆಮೇಲೆ ತಲೆ ಬಲಕ್ಕೆ, ಕಣ್ಣು ಮಾತ್ರ ಎಡಕ್ಕೆ. ನಂತರ ಹೆಗಲು ಬಲಕ್ಕೆ, ತಲೆ ಎಡಕ್ಕೆ. ಎಲ್ಲಾ ನಿಧಾನವಾಗಿ, ಕೆಲವೇ ಸಲ. ಕೊನೆಗೆ ಮತ್ತೆ ಮೊದಲಿನ ಹಾಗೆ ಸಾದಾ ತಿರುಗುವುದು. ಅಮ್ಮನ ಮೂಗು ಕ್ಯಾಲೆಂಡರ್ ದಾಟಿ ಅಡುಗೆಮನೆ ಬಾಗಿಲಿನ ಚೌಕಟ್ಟಿಗೆ ಬಂತು. ಎಣ್ಣೆ ತಿಕ್ಕಿಲ್ಲ, ಎಳೆದಿಲ್ಲ. ಕಣ್ಣು, ಕತ್ತು, ಹೆಗಲು ಯಾವಾಗಲೂ ಒಟ್ಟಿಗೇ ಹೋಗಬೇಕು ಎಂಬ ಕಟ್ಟು ಸಡಿಲವಾಯಿತು, ಅಷ್ಟೇ. ಎಡಗಡೆಗೆ ಇದನ್ನೇ ಮನಸ್ಸಿನಲ್ಲೇ ಮಾಡಿಸಿದೆ, ಮೈ ಅಲ್ಲಾಡಿಸದೆ. ಫೆಲ್ಡನ್‌ಕ್ರೈಸ್ ಹಾಗೆ ಮಾಡಿಸುತ್ತಿದ್ದರು. ಆ ಕಡೆಯೂ ಸ್ವಲ್ಪ ಸಲೀಸಾಯಿತು.

ರೆಕಾರ್ಡ್ ಮಾಡುವವರಿಗೆ ಒಂದು ಮಾತು. ಎರಡು ಸೂಚನೆಗಳ ನಡುವಿನ ಬಿಡುವು ನೀವು ಅಂದುಕೊಂಡದ್ದಕ್ಕಿಂತ ಬಹಳ ಉದ್ದ ಇರಬೇಕು. ಓದುವಾಗ ನೀವೂ ಆ ಚಲನೆ ಮಾಡುತ್ತಾ ಓದಿ. ಆಗ ಬಿಡುವು ಸರಿಯಾಗಿ ಬರುತ್ತದೆ.

ಅಕ್ಟೋಬರ್

ಯೋಗದ ಊರಿನಲ್ಲಿದ್ದುಕೊಂಡು ಇದೆಲ್ಲ ಯಾಕೆ ಎಂದು ಗೆಳತಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಪಿಟೀಲಿಗೂ ಯೋಗಕ್ಕೂ ದೊಡ್ಡ ನಂಟಿದೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ, ಇದೇ ಮೈಸೂರಿನಲ್ಲಿ ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತ ಬಿ. ಕೆ. ಎಸ್. ಅಯ್ಯಂಗಾರರು 1952ರಲ್ಲಿ ಪಿಟೀಲು ವಾದಕ ಯೆಹೂದಿ ಮೆನುಹಿನ್ ಅವರನ್ನು ಭೇಟಿಯಾದರು. ಅವರಿಂದ ಕಲಿತು ಮೈ ಹಗುರಾದ ಮೆನುಹಿನ್ ಆಮೇಲೆ ಅಯ್ಯಂಗಾರರಿಗೆ ಒಂದು ಕೈಗಡಿಯಾರ ಕೊಟ್ಟರು. ‘ನನ್ನ ಅತ್ಯುತ್ತಮ ಪಿಟೀಲು ಗುರುವಿಗೆ’ ಎಂದು ಅದರ ಮೇಲೆ ಕೆತ್ತಿಸಿದ್ದರು. ಓದಿದಾಗ ರೋಮಾಂಚನವಾಯಿತು.

ನಾನೂ ಬೆಳಗ್ಗೆ ಆಸನ ಮಾಡುವವಳೇ. ನನಗೆ ಕಂಡ ವ್ಯತ್ಯಾಸ ಇದು. ಆಸನಕ್ಕೆ ಒಂದು ನಿಲುವಿದೆ, ನಾನು ಅದರ ಕಡೆ ಹೋಗುತ್ತೇನೆ. ಈ ಪಾಠಗಳಲ್ಲಿ ತಲುಪಬೇಕಾದ ನಿಲುವು ಇಲ್ಲ. ಹೋಗುವ ದಾರಿಯಲ್ಲಿ ಎಲ್ಲಿ ಉಸಿರು ಕಟ್ಟಿದೆ, ಎಲ್ಲಿ ಸುಮ್ಮನೆ ಬಲ ಹಾಕುತ್ತಿದ್ದೇನೆ ಎಂದು ನೋಡುವುದೇ ಪಾಠ. ಎರಡೂ ಬೇಕು. ಹೆಗಲ ಕೆಲಸ ಆದ ಮೇಲೆ ನನ್ನ ತ್ರಿಕೋನಾಸನವೂ ಬದಲಾಗಿದೆ.

ಇದರಿಂದ ಎಲ್ಲಾ ಕಾಯಿಲೆ ಹೋಗುತ್ತದೆ ಎನ್ನುವವರನ್ನು ನಂಬಬೇಡಿ. ಫೆಲ್ಡನ್‌ಕ್ರೈಸ್ ಪಾಠಗಳ ಮೇಲಿನ ಅಧ್ಯಯನಗಳನ್ನು 2015ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ವಯಸ್ಸಾದವರ ಸಮತೋಲಕ್ಕೆ ಒಳ್ಳೆಯದಾಗುವ ಸೂಚನೆ ಸಿಕ್ಕಿತು. ಆದರೆ ಹಲವು ಅಧ್ಯಯನಗಳು ಚಿಕ್ಕವು, ಅಷ್ಟು ಬಿಗಿಯಾದವೂ ಅಲ್ಲ. ಅಲೆಕ್ಸಾಂಡರ್ ಪದ್ಧತಿಗೆ ಇನ್ನೂ ಗಟ್ಟಿ ಆಧಾರವಿದೆ. ಬ್ರಿಟನ್ನಿನಲ್ಲಿ ಹಳೆಯ ಬೆನ್ನುನೋವಿನ 579 ಜನರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, 24 ಪಾಠ ಕಲಿತವರಿಗೆ ವರ್ಷದ ಮೇಲೂ ನೋವಿನ ದಿನಗಳು ಕಡಿಮೆ ಇದ್ದವು. ಜೋಮು, ಊತ, ರಾತ್ರಿ ನೋವು ಇದ್ದರೆ ಮೊದಲು ಡಾಕ್ಟರು, ಆಮೇಲೆ ಜಮಖಾನ.

ನವೆಂಬರ್

ಈಗ ಒಂದು ಗಂಟೆ ನುಡಿಸಿದರೂ ಹೆಗಲು ಹೇಳಿದ ಮಾತು ಕೇಳುತ್ತದೆ. ಕತ್ತಿನ ಹಿಡಿತ ಅಪರೂಪ. ನೆಲದಿಂದ ಏಳುವಾಗ ಕೈ ಊರದೆ, ಮಗ್ಗುಲಿಗೆ ತಿರುಗಿ ಸುತ್ತಿಕೊಂಡು ಏಳುತ್ತೇನೆ. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದಾಗಲೂ ಕಾಲರ್ ಬೋನ್ ತಿರುಗುವುದು ಗಮನಕ್ಕೆ ಬರುತ್ತದೆ. ಅಮ್ಮನಿಗೆ ಎರಡನೇ ಪಾಠ ಸಿದ್ಧವಾಗಿದೆ, ಕುರ್ಚಿಯಿಂದ ಏಳುವುದು. ಪಾದ ಸ್ವಲ್ಪ ಒಳಗೆಳೆದು, ತೊಡೆಸಂದಿನಿಂದ ಬಾಗಿ, ತಲೆ ಪಾದದ ನೇರಕ್ಕೆ ಬಂದಾಗ ಸೊಂಟ ತಾನಾಗಿ ಹಗುರಾಗುತ್ತದೆ. ಕುರ್ಚಿಯ ಕೈ ಒತ್ತುವುದನ್ನು ಅಮ್ಮ ಬಿಟ್ಟಿದ್ದಾರೆ.

ಬಾಕಿ ಇರುವುದು ವೇಗ. ಒಂದನೇ ಕಾಲ, ಎರಡನೇ ಕಾಲದವರೆಗೆ ಎಲ್ಲಾ ಸುಖವಾಗಿದೆ. ಮೂರನೇ ಕಾಲಕ್ಕೆ ಹೋದ ಕೂಡಲೇ ದವಡೆ ಬಿಗಿದು, ಅದರ ಹಿಂದೆಯೇ ಹೆಗಲೂ ಮೇಲೇಳುತ್ತದೆ. ದವಡೆ, ನಾಲಿಗೆಗೂ ಬೇರೆಯೇ ಪಾಠಗಳಿವೆ. ಡಿಸೆಂಬರಿನಲ್ಲಿ ಅವನ್ನು ಹಿಡಿಯುತ್ತೇನೆ. ಅಲ್ಲಿವರೆಗೆ ಮೂರನೇ ಕಾಲವನ್ನು ತುಟಿ ಸಡಿಲ ಬಿಟ್ಟುಕೊಂಡು ಎಷ್ಟು ಆವರ್ತ ಆಗುತ್ತದೋ ಅಷ್ಟೇ ನುಡಿಸುವುದು ಎಂದು ಮೇಷ್ಟ್ರೂ ನಾನೂ ಮಾತಾಡಿಕೊಂಡಿದ್ದೇವೆ.